ಕಣ್ಣಪಾಪೆಯೊಳಗೆ ಮೊದಲು ನೋಡಿದವರು: ಹರ್ಮನ್ ಹೆಲ್ಮ್‌ಹೋಲ್ಟ್ಸ್

ಕಳೆದ ವರ್ಷ ನನ್ನ ಅಕ್ಕನಿಗೆ ಏಳು ತಿಂಗಳು ತುಂಬುತ್ತಿದ್ದಂತೆಯೇ ಹೆರಿಗೆಯಾಯಿತು. ಮನೆಯಲ್ಲಿ ನಾವು ಅವಳನ್ನು ಆಪಾ ಎನ್ನುತ್ತೇವೆ. ಮಗು ಹುಟ್ಟಿದಾಗ ತೂಕ 1.5 ಕಿಲೋ. ಮಂಡ್ಯದ ಆಸ್ಪತ್ರೆಯಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, 24ನೇ ದಿನ ಬಸರಾಳಿಗೆ ಕಳಿಸಿದರು. ಕಳಿಸುವಾಗ ಒಂದು ಚೀಟಿಯಲ್ಲಿ ತಾರೀಕು ಬರೆದು, ಆ ದಿನ ಮಗುವಿನ ಕಣ್ಣಿನ ಪರೀಕ್ಷೆಗೆ ತಪ್ಪದೆ ಬರಬೇಕು ಎಂದರು. ಲೆಕ್ಕ ಹಾಕಿದರೆ ಅದು 28ನೇ ದಿನ.

ನಾನಿ ಒಪ್ಪಲಿಲ್ಲ. ನಮ್ಮ ಮನೆಗಳಲ್ಲಿ ಬಾಣಂತಿ ಮತ್ತು ಮಗುವಿಗೆ 40 ದಿನದ ಚಿಲ್ಲಾ ಇದೆ. ಅದು ಮುಗಿಯುವವರೆಗೆ ಹೊಸಿಲು ದಾಟಿಸುವುದಿಲ್ಲ. ಇಷ್ಟು ಸಣ್ಣ ಕೂಸನ್ನು ಗಾಳಿಯಲ್ಲಿ, ಬಸ್ಸಿನ ಧೂಳಿನಲ್ಲಿ ಕರೆದುಕೊಂಡು ಹೋಗುವುದೇ, ಕಣ್ಣು ಚೆನ್ನಾಗಿಯೇ ಇದೆಯಲ್ಲ ಎಂದು ನಾನಿ ಕೇಳಿದರು. ನೋಡಿದರೆ ಚೆನ್ನಾಗಿಯೇ ಇತ್ತು. ಎರಡು ಕರಿ ಪಾಪೆಗಳು, ಅಷ್ಟೆ. ಕೊನೆಗೆ ಬೀದಿಯ ಆಶಾ ಕಾರ್ಯಕರ್ತೆ ಬಂದು ಅರ್ಧ ಗಂಟೆ ಕೂತು ಮಾತಾಡಿದರು. 28ನೇ ದಿನ ನಾನಿಯೇ ಮಗುವನ್ನು ತಮ್ಮ ಶಾಲಿನಲ್ಲಿ ಸುತ್ತಿಕೊಂಡು ಹೊರಟರು. ಜೊತೆಗೆ ಆಪಾ, ನಾನು.

ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಒಬ್ಬ ತಂತ್ರಜ್ಞೆ. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲವಾಗುವವರೆಗೆ ಕಾದು, ಪೆನ್ನಿನಂತಹ ಒಂದು ಕ್ಯಾಮರಾವನ್ನು ಕಣ್ಣಿನ ಮೇಲೆ ಇಟ್ಟರು. ಮಗು ಅತ್ತಿತು. ಎರಡು ಮೂರು ನಿಮಿಷದಲ್ಲಿ ಮುಗಿಯಿತು. ಆಮೇಲೆ ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಿತ್ತಳೆ ಬಣ್ಣದ ಒಂದು ವೃತ್ತ, ಅದರೊಳಗೆ ಹಳದಿ ನಾಣ್ಯದಂತಹ ಒಂದು ಬಿಲ್ಲೆ, ಬಿಲ್ಲೆಯಿಂದ ಎಲ್ಲ ಕಡೆಗೂ ಹೊರಟ ಕೆಂಪು ನಾಳಗಳು. ಆ ಬಿಲ್ಲೆಯೇ ದೃಷ್ಟಿನರದ ತುದಿ, ಕಣ್ಣಿನಿಂದ ಮೆದುಳಿಗೆ ಹೋಗುವ ದಾರಿ ಅಲ್ಲಿಂದ ಶುರು ಎಂದರು. ಜೀವಂತ ಮನುಷ್ಯನ ಕಣ್ಣಿನೊಳಗೆ ಇದನ್ನು ಮೊದಲು ನೋಡಿದವರು ಯಾರು ಎಂದು ನಾನು ಕೇಳಿದೆ. ಅವರು ನಕ್ಕು, ಓದಿ ತಿಳಿದುಕೋ ಎಂದರು. ಓದಿದೆ. ಈ ಲೇಖನ ಅವರ ಬಗ್ಗೆ.

ಮೇಷ್ಟ್ರ ಮಗ

ಹರ್ಮನ್ ಹೆಲ್ಮ್‌ಹೋಲ್ಟ್ಸ್ 1821ರ ಆಗಸ್ಟ್ 31ರಂದು ಜರ್ಮನಿಯ ಪಾಟ್ಸ್‌ಡ್ಯಾಮ್ ನಗರದಲ್ಲಿ ಜನಿಸಿದರು. ತಂದೆ ಪ್ರೌಢಶಾಲೆಯ ಮೇಷ್ಟ್ರು. ಮನೆಯಲ್ಲಿ ಪುಸ್ತಕಗಳಿದ್ದವು, ಹಣವಿರಲಿಲ್ಲ. ಉಳಿದ ಮಕ್ಕಳಲ್ಲಿ ಹರ್ಮನ್ ಹಿರಿಯರು. ಚಿಕ್ಕಂದಿನಲ್ಲಿ ಆರೋಗ್ಯ ಸರಿಯಿರಲಿಲ್ಲ, ಬಹಳ ದಿನ ಹಾಸಿಗೆಯ ಮೇಲೆ ಮರದ ತುಂಡುಗಳನ್ನು ಜೋಡಿಸಿ ಆಡುತ್ತಾ ಕಳೆದರು. ಆ ಆಟದಿಂದಲೇ ರೇಖಾಗಣಿತದ ಎಷ್ಟೋ ವಿಷಯಗಳು ಅವರಿಗೆ ಶಾಲೆಗಿಂತ ಮುಂಚೆಯೇ ಗೊತ್ತಾಗಿದ್ದವು.

ಬಾಯಿಪಾಠ ಅವರಿಗೆ ಬರುತ್ತಿರಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳು, ವ್ಯಾಕರಣದ ಪಟ್ಟಿಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಎಡ ಬಲ ಗುರುತಿಸುವುದಕ್ಕೂ ಬಾಲ್ಯದಲ್ಲಿ ಕಷ್ಟಪಟ್ಟರು. ತರಗತಿಯಲ್ಲಿ ಲ್ಯಾಟಿನ್ ಪಾಠ ನಡೆಯುತ್ತಿದ್ದರೆ ಇವರು ಮೇಜಿನ ಕೆಳಗೆ ದೂರದರ್ಶಕದೊಳಗೆ ಬೆಳಕಿನ ಕಿರಣ ಹೇಗೆ ಸಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಮುದಿವಯಸ್ಸಿನಲ್ಲಿ ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ವ್ಯಾಖ್ಯೆಗಳನ್ನು ಉರು ಹೊಡೆದು ಬೆಳಿಗ್ಗೆ ಮರೆಯುವ ನಮ್ಮಂಥವರಿಗೆ ಇದು ಸ್ವಲ್ಪ ಸಮಾಧಾನ ಕೊಡುವ ಸುದ್ದಿ.

ಸರ್ಕಾರದ ಖರ್ಚಿನಲ್ಲಿ ಓದು

ಹರ್ಮನ್‌ಗೆ ಓದಬೇಕೆಂದಿದ್ದುದು ಭೌತಶಾಸ್ತ್ರ. ಅದನ್ನು ಓದಿಸಲು ತನ್ನ ಕೈಲಾಗದು ಎಂದು ತಂದೆ ಹೇಳಿದರು. ಬರ್ಲಿನ್‌ನಲ್ಲಿ ಸೈನ್ಯಕ್ಕೆ ವೈದ್ಯರನ್ನು ತಯಾರಿಸುವ ಒಂದು ಸರ್ಕಾರಿ ಸಂಸ್ಥೆ ಇತ್ತು. ಅಲ್ಲಿ ಓದು ಉಚಿತ. ಆದರೆ ಓದಿದ ಮೇಲೆ ಎಂಟು ವರ್ಷ ಸೈನ್ಯದಲ್ಲಿ ವೈದ್ಯರಾಗಿ ದುಡಿಯಲು ಒಪ್ಪಬೇಕಿತ್ತು. 1838ರಲ್ಲಿ ಹರ್ಮನ್ ಅಲ್ಲಿ ಸೇರಿದರು. ಆಗ ಅವರಿಗೆ 17 ವರ್ಷ, ಈಗಿನ ನನ್ನ ವಯಸ್ಸು.

ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಹತ್ತನೇ ತರಗತಿಯ ನಂತರ ನನಗೂ ವಿಜ್ಞಾನ ತೆಗೆದುಕೊಳ್ಳುವ ಆಸೆಯಿತ್ತು. ಬಸ್ ನಿಲ್ದಾಣದ ಬಳಿ ನಮ್ಮದು ಒಂದು ಸಣ್ಣ ಕಿರಾಣಿ ಅಂಗಡಿ. ಟ್ಯೂಷನ್ನಿಗೆ, ಕೋಚಿಂಗಿಗೆ ಆಗುವ ಖರ್ಚನ್ನು ಅಬ್ಬಾ ಅಂಗಡಿಯ ಚೀಟಿಯ ಹಿಂಬದಿಯಲ್ಲೇ ಕೂಡಿಸಿ ನೋಡಿ, ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಏನೂ ಹೇಳಲಿಲ್ಲ. ನಾನು ವಾಣಿಜ್ಯಕ್ಕೆ ಸೇರಿದೆ. ನಮ್ಮ ತರಗತಿಯಲ್ಲಿ ಇಂಥ ಚೀಟಿ ನೋಡಿದವರು ನಾನೊಬ್ಬನೇ ಅಲ್ಲ ಎಂದು ಗೊತ್ತು.

ಹೆಲ್ಮ್‌ಹೋಲ್ಟ್ಸ್ ಮಾಡಿದ್ದು ಇಷ್ಟು: ಬೇಡವಾಗಿ ಬಂದ ವೈದ್ಯಕೀಯವನ್ನು ಪೂರ್ತಿ ಮನಸ್ಸಿಟ್ಟು ಓದಿದರು, ಬೇಕಾಗಿದ್ದ ಭೌತಶಾಸ್ತ್ರವನ್ನೂ ಗಣಿತವನ್ನೂ ಬಿಡುವಿನಲ್ಲಿ ತಾವೇ ಕಲಿತರು. 1841ರಲ್ಲಿ ಅವರಿಗೆ ತೀವ್ರ ಜ್ವರ ಬಂತು. ವಿದ್ಯಾರ್ಥಿಯಾದ್ದರಿಂದ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ. ಮಲಗಿದ್ದ ದಿನಗಳಲ್ಲಿ ಖರ್ಚಾಗದೆ ಉಳಿದ ತಮ್ಮ ಸಣ್ಣ ಭತ್ಯೆಯಿಂದ ಅವರು ಒಂದು ಸೂಕ್ಷ್ಮದರ್ಶಕ ಕೊಂಡರು. ಒಳ್ಳೆಯದೇನಲ್ಲ, ಸಾಧಾರಣದ್ದು. ಅದರಿಂದಲೇ ಬೆನ್ನೆಲುಬಿಲ್ಲದ ಜೀವಿಗಳ ನರಗಳನ್ನು ನೋಡಿ, ನರದ ಎಳೆಗಳು ನರಕೋಶಗಳಿಂದಲೇ ಹೊರಡುತ್ತವೆ ಎಂದು ತೋರಿಸಿ 1842ರಲ್ಲಿ ಡಾಕ್ಟರೇಟ್ ಪಡೆದರು. ಉಳಿತಾಯ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬ್ಯಾರಕ್ಕಿನಲ್ಲಿ ಪ್ರಯೋಗಾಲಯ

1843ರಲ್ಲಿ ಅವರು ಪಾಟ್ಸ್‌ಡ್ಯಾಮ್‌ನ ಸೈನಿಕ ತುಕಡಿಗೆ ವೈದ್ಯರಾದರು. ಬ್ಯಾರಕ್ಕಿನಲ್ಲೇ ಒಂದು ಪುಟ್ಟ ಪ್ರಯೋಗಾಲಯ ಮಾಡಿಕೊಂಡು, ಸ್ನಾಯುಗಳು ಕೆಲಸ ಮಾಡುವಾಗ ಶಾಖ ಎಲ್ಲಿಂದ ಬರುತ್ತದೆ ಎಂದು ಹುಡುಕತೊಡಗಿದರು. ಆ ಹುಡುಕಾಟ ದೊಡ್ಡದಾಗಿ ಬೆಳೆಯಿತು. 1847ರ ಜುಲೈನಲ್ಲಿ, 26 ತುಂಬುವ ಮೊದಲೇ, ಶಕ್ತಿ ಸಂರಕ್ಷಣೆಯ ಬಗ್ಗೆ ಬರ್ಲಿನ್‌ನಲ್ಲಿ ಪ್ರಬಂಧ ಓದಿದರು. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬಹುದು ಎಂದು ನಾವು ಒಂಬತ್ತನೇ ತರಗತಿಯಲ್ಲಿ ಓದಿದ್ದೇವಲ್ಲ, ಅದಕ್ಕೆ ಗಣಿತದ ರೂಪ ಕೊಟ್ಟವರಲ್ಲಿ ಇವರು ಮುಖ್ಯರು. ಆಗಿನ ಪ್ರಸಿದ್ಧ ವಿಜ್ಞಾನ ಪತ್ರಿಕೆ ಆ ಪ್ರಬಂಧವನ್ನು ಹಿಂತಿರುಗಿಸಿತು. ಅವರು ಅದನ್ನು ಕಿರುಪುಸ್ತಕವಾಗಿ ಹೊರತಂದರು.

ಪ್ರತಿಭೆ ಕಂಡ ಹಿರಿಯರು ಮುಂದೆ ಬಂದದ್ದರಿಂದ 1848ರಲ್ಲಿ ಸೈನ್ಯದ ಸೇವೆಯಿಂದ ಅವಧಿಗೆ ಮುಂಚೆಯೇ ಬಿಡುಗಡೆಯಾಯಿತು. 1849ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾ ಶಾಸ್ತ್ರದ ಪ್ರಾಧ್ಯಾಪಕರಾದರು. ನರದಲ್ಲಿ ಸುದ್ದಿ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅಳೆಯುವುದು ಅಸಾಧ್ಯ ಎಂದು ಅವರ ಗುರುಗಳೇ ನಂಬಿದ್ದರು. 1850ರಲ್ಲಿ ಇವರು ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದು ತೋರಿಸಿದರು. ಸೆಕೆಂಡಿಗೆ ಸುಮಾರು 27 ಮೀಟರ್. ಬಿಡುವಿಲ್ಲದೆ ಓಡುವ ಮಿಂಚೇನೂ ಅಲ್ಲ, ಹೆದ್ದಾರಿಯ ಕಾರಿನ ವೇಗ.

ಪಾಪೆ ಕಪ್ಪೇಕೆ?

ಅದೇ ವರ್ಷದ ಚಳಿಗಾಲದಲ್ಲಿ ಅವರು ವಿದ್ಯಾರ್ಥಿಗಳಿಗೆ ಕಣ್ಣಿನ ಪಾಠ ಮಾಡಬೇಕಿತ್ತು. ಬೆಕ್ಕಿನ ಕಣ್ಣು ರಾತ್ರಿ ಹೊಳೆಯುತ್ತದೆ. ಕಬ್ಬಿನ ಟ್ರ್ಯಾಕ್ಟರ್ ದೀಪ ಬಿದ್ದಾಗ ರಸ್ತೆ ಬದಿಯ ಎತ್ತಿನ ಕಣ್ಣು ಹೊಳೆಯುವುದನ್ನು ನಮ್ಮೂರಿನಲ್ಲಿ ಎಲ್ಲರೂ ನೋಡಿದ್ದಾರೆ. ಮನುಷ್ಯನ ಕಣ್ಣನ್ನೂ ಸರಿಯಾದ ಕೋನದಲ್ಲಿ ದೀಪ ಇಟ್ಟು ಹೊಳೆಯಿಸಬಹುದು ಎಂದು ಅವರ ಗೆಳೆಯ ಅರ್ನ್‌ಸ್ಟ್ ಬ್ರೂಕೆ ತೋರಿಸಿದ್ದರು. ಇದನ್ನು ತರಗತಿಯಲ್ಲಿ ವಿವರಿಸುವುದು ಹೇಗೆಂದು ಯೋಚಿಸುವಾಗ ಹೆಲ್ಮ್‌ಹೋಲ್ಟ್ಸ್ ಒಂದು ಪ್ರಶ್ನೆ ಹಾಕಿಕೊಂಡರು. ಕಣ್ಣಿನೊಳಗಿಂದ ಹಿಂತಿರುಗಿ ಬರುವ ಆ ಬೆಳಕು ಎಲ್ಲಿಗೆ ಹೋಗುತ್ತದೆ?

ಉತ್ತರ ಸರಳ. ಕಣ್ಣಿನೊಳಗೆ ಹೋದ ಬೆಳಕು ಬಂದ ದಾರಿಯಲ್ಲೇ ದೀಪದ ಕಡೆಗೆ ಹಿಂತಿರುಗುತ್ತದೆ. ಅದನ್ನು ನೋಡಬೇಕೆಂದರೆ ನಮ್ಮ ಕಣ್ಣು ದೀಪ ಇರುವ ಜಾಗದಲ್ಲೇ ಇರಬೇಕು. ಆದರೆ ಅಲ್ಲಿಗೆ ತಲೆ ಇಟ್ಟರೆ ದೀಪವೇ ಮರೆಯಾಗುತ್ತದೆ. ಪಾಪೆ ಕಪ್ಪಾಗಿ ಕಾಣುವುದು ಅದಕ್ಕೇ. ಒಳಗೆ ಕತ್ತಲೆ ಇರುವುದರಿಂದಲ್ಲ, ನಾವು ನಿಂತ ಜಾಗದಿಂದ.

ಅವರು ಕಂಡುಕೊಂಡ ಉಪಾಯ ಗಾಜಿನ ತುಂಡು. ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೂ ಕಾಣುತ್ತದೆ, ಆಚೆಯ ಬೀದಿಯೂ ಕಾಣುತ್ತದೆ. ಅಂದರೆ ಗಾಜು ಸ್ವಲ್ಪ ಬೆಳಕನ್ನು ಪ್ರತಿಫಲಿಸುತ್ತದೆ, ಉಳಿದದ್ದನ್ನು ಹೋಗಲು ಬಿಡುತ್ತದೆ. ದೀಪವನ್ನು ಪಕ್ಕದಲ್ಲಿಟ್ಟು, ಗಾಜನ್ನು ಓರೆಯಾಗಿ ಹಿಡಿದರೆ ದೀಪದ ಬೆಳಕು ಗಾಜಿಗೆ ಬಡಿದು ರೋಗಿಯ ಕಣ್ಣಿನೊಳಗೆ ಹೋಗುತ್ತದೆ. ಹಿಂತಿರುಗಿದ ಬೆಳಕಿನ ಒಂದು ಪಾಲು ಗಾಜನ್ನು ದಾಟಿ ನೋಡುವವನ ಕಣ್ಣಿಗೆ ಬರುತ್ತದೆ. ಚಿತ್ರ ಸ್ಪಷ್ಟವಾಗಲು ಮಧ್ಯೆ ಒಂದು ನಿಮ್ನ ಮಸೂರ.

ಸಾಮಾನು ಇಷ್ಟೇ: ರಟ್ಟು, ಅಂಟು, ಕನ್ನಡಕದ ಮಸೂರಗಳು, ಸೂಕ್ಷ್ಮದರ್ಶಕದ ತೆಳುಗಾಜಿನ ಚೂರುಗಳು. ಮೊದಮೊದಲು ಏನೂ ಸರಿಯಾಗಿ ಕಾಣಲಿಲ್ಲ. ಸುಮಾರು ಒಂದು ವಾರ ಬಿಡದೆ ಪ್ರಯತ್ನಿಸಿದ ಮೇಲೆ ಕಂಡಿತು. ಜೀವಂತ ಮನುಷ್ಯನ ಅಕ್ಷಿಪಟಲ, ಅದರ ರಕ್ತನಾಳಗಳು, ಅವು ಹೊರಡುವ ದೃಷ್ಟಿನರದ ಬಿಲ್ಲೆ. ಅಲ್ಲಿಯವರೆಗೆ ಸತ್ತವರ ಕಣ್ಣನ್ನು ಕೊಯ್ದು ಮಾತ್ರ ಅದನ್ನು ನೋಡಬಹುದಿತ್ತು. 1850ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಭೌತಶಾಸ್ತ್ರ ಸಂಘಕ್ಕೆ ತಿಳಿಸಿದರು, 1851ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆಫ್ತಾಲ್ಮೋಸ್ಕೋಪ್ ಎಂದು ಈಗ ಕರೆಯುವ ಆ ಸಾಧನಕ್ಕೆ ಅವರು ಇಟ್ಟ ಹೆಸರು ಕಣ್ಣಿನ ಕನ್ನಡಿ.

ತಂದೆಗೆ ಬರೆದ ಪತ್ರದಲ್ಲಿ, ಇದಕ್ಕೆ ತಾನು ಪ್ರೌಢಶಾಲೆಯಲ್ಲಿ ಕಲಿತ ಬೆಳಕಿನ ಪಾಠಕ್ಕಿಂತ ಹೆಚ್ಚಿನ ಜ್ಞಾನ ಬೇಕಾಗಲಿಲ್ಲ ಎಂದು ತಿಳಿಸಿದರು. ಭೌತಶಾಸ್ತ್ರ ಓದಿಸಲಾಗದೆ ಹೋದ ತಂದೆ ಆ ಪತ್ರವನ್ನು ಹೇಗೆ ಓದಿರಬಹುದು ಎಂದು ನಾನು ಯೋಚಿಸುತ್ತೇನೆ. ಪ್ರತಿಫಲನ, ವಕ್ರೀಭವನ, ನಿಮ್ನ ಮಸೂರ ಇವೆಲ್ಲ ನಮ್ಮ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿರುವುದೇ.

ಅವರಿಗಿಂತ ಮುಂಚೆ

ಇದು ಒಬ್ಬರಿಂದಲೇ ಆದ ಕೆಲಸವಲ್ಲ. ಬಸ್ರಾದಲ್ಲಿ ಸುಮಾರು 965ರಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್‌-ಹೈಥಮ್, ನೋಟ ಎಂದರೆ ಕಣ್ಣಿನಿಂದ ಹೊರಡುವ ಕಿರಣವಲ್ಲ, ವಸ್ತುವಿನಿಂದ ಕಣ್ಣಿಗೆ ಬರುವ ಬೆಳಕು ಎಂದು ತಮ್ಮ ಕಿತಾಬ್ ಅಲ್‌-ಮನಾಝಿರ್ ಗ್ರಂಥದಲ್ಲಿ ವಾದಿಸಿದ್ದರು. ಎರಡು ಕಣ್ಣಿನ ನರಗಳು ಒಂದೆಡೆ ಕೂಡುವುದನ್ನೂ ವಿವರಿಸಿದ್ದರು. ಆ ಗ್ರಂಥ ಲ್ಯಾಟಿನ್‌ಗೆ ಹೋಗಿ 1572ರಲ್ಲಿ ಯುರೋಪಿನಲ್ಲಿ ಅಚ್ಚಾಯಿತು. ಇನ್ನು, ಕಂಪ್ಯೂಟರ್ ಪಾಠದಲ್ಲಿ ನಾವು ಓದುವ ಚಾರ್ಲ್ಸ್ ಬ್ಯಾಬೇಜ್ 1847ರಲ್ಲೇ ಕಣ್ಣಿನೊಳಗೆ ನೋಡುವ ಒಂದು ಸಾಧನ ಮಾಡಿದ್ದರು. ಅವರು ತೋರಿಸಿದ ವೈದ್ಯರು ಅದನ್ನು ಮುಂದುವರಿಸಲಿಲ್ಲ, ಅದು ಮೂಲೆ ಸೇರಿತು.

ಹೆಲ್ಮ್‌ಹೋಲ್ಟ್ಸ್ ಸಾಧನಕ್ಕೂ ವಿರೋಧವಿತ್ತು. ರೋಗವಿರುವ ಕಣ್ಣಿಗೆ ಬೆಳಕು ಬಿಡುವುದು ಅಪಾಯ ಎಂದು ಒಬ್ಬ ವೈದ್ಯರು ಹೇಳಿದರೆ, ದೃಷ್ಟಿ ಸರಿಯಿಲ್ಲದ ವೈದ್ಯರಿಗೆ ಮಾತ್ರ ಇದು ಬೇಕು ಎಂದರು ಇನ್ನೊಬ್ಬರು. ಆದರೆ ಬರ್ಲಿನ್‌ನ ಯುವ ವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಅದನ್ನು ಕೂಡಲೇ ಕೈಗೆತ್ತಿಕೊಂಡರು. ಗ್ಲಾಕೋಮಾದಲ್ಲಿ ದೃಷ್ಟಿನರದ ಬಿಲ್ಲೆ ಕುಳಿ ಬೀಳುವುದು ಆ ದಶಕದಲ್ಲೇ ತಿಳಿಯಿತು. ಮೆದುಳಿನ ಕಾಯಿಲೆಯಿದ್ದವರಲ್ಲಿ ದೃಷ್ಟಿನರದ ತುದಿ ಊದಿಕೊಳ್ಳುವುದನ್ನು 1860ರಲ್ಲಿ ಗ್ರೇಫೆ ವಿವರಿಸಿದರು. ತಲೆಬುರುಡೆ ತೆರೆಯದೆ ಮೆದುಳಿನ ಸುದ್ದಿ ತಿಳಿಯಲು ಒಂದು ಕಿಟಕಿ ಸಿಕ್ಕಿತು.

ಮುಂದಿನ ಬದುಕು

ಹೆಲ್ಮ್‌ಹೋಲ್ಟ್ಸ್ ಅಲ್ಲಿಗೇ ನಿಲ್ಲಲಿಲ್ಲ. 1855ರಲ್ಲಿ ಬಾನ್, 1858ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಗಳಿಗೆ ಹೋದರು. 1859ರಲ್ಲಿ ಪತ್ನಿ ಓಲ್ಗಾ ಕ್ಷಯದಿಂದ ತೀರಿಕೊಂಡರು. ಅದೇ ವರ್ಷ ತಂದೆಯೂ ಹೋದರು. ಆ ದುಃಖದ ನಡುವೆಯೂ ದೃಷ್ಟಿಯ ಬಗ್ಗೆ ಮೂರು ಭಾಗಗಳ ದೊಡ್ಡ ಗ್ರಂಥವನ್ನು 1856ರಿಂದ 1867ರ ನಡುವೆ ಪೂರೈಸಿದರು. 1863ರಲ್ಲಿ ಕಿವಿ ಮತ್ತು ಸಂಗೀತದ ಬಗ್ಗೆ ಇನ್ನೊಂದು ಪುಸ್ತಕ ಬರೆದರು.

1871ರಲ್ಲಿ, 50ನೇ ವಯಸ್ಸಿನಲ್ಲಿ, ಬರ್ಲಿನ್ ವಿಶ್ವವಿದ್ಯಾಲಯ ಅವರನ್ನು ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಕರೆಯಿತು. 17ರಲ್ಲಿ ಕೈತಪ್ಪಿದ ವಿಷಯ 33 ವರ್ಷಗಳ ನಂತರ ಅವರಿಗೆ ಸಿಕ್ಕಿತು. ರೇಡಿಯೋ ತರಂಗಗಳನ್ನು ಪತ್ತೆ ಮಾಡಿದ ಹೈನ್ರಿಕ್ ಹರ್ಟ್ಸ್ ಅವರ ಶಿಷ್ಯ. 1894ರ ಸೆಪ್ಟೆಂಬರ್ 8ರಂದು ಹೆಲ್ಮ್‌ಹೋಲ್ಟ್ಸ್ ನಿಧನರಾದರು. ಅವರು ಬದುಕಿದ್ದಾಗಲೇ, 1886ರಲ್ಲಿ, ಇಂಗ್ಲೆಂಡಿನಲ್ಲಿ ಇಬ್ಬರು ಸೇರಿ ಜೀವಂತ ಕಣ್ಣಿನ ಒಳಭಾಗದ ಫೋಟೋ ತೆಗೆದರು. ಅದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಕಾಲ ಕಣ್ಣು ಅಲುಗಿಸದೆ ಕೂರಬೇಕಿತ್ತು. ಯಾವ ಕೂಸು ಹಾಗೆ ಕೂರುತ್ತದೆ?

ನಮ್ಮ ಜಿಲ್ಲೆಗೆ ಬಂದ ಬೆಳಕು

ಈಗ ಮತ್ತೆ ಆ ಹಳದಿ ಬಿಲ್ಲೆಗೆ ಬರೋಣ. ಅದರ ಅಗಲ ಸುಮಾರು ಒಂದೂವರೆ ಮಿಲಿಮೀಟರ್. ಅಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ನರದ ಎಳೆಗಳು ಸಾಗುತ್ತವೆ. ಗರ್ಭದಲ್ಲಿ ಅಕ್ಷಿಪಟಲದ ರಕ್ತನಾಳಗಳು ಆ ಬಿಲ್ಲೆಯ ಬಳಿಯಿಂದ ಹೊರಟು ಅಂಚಿನ ಕಡೆಗೆ ಬೆಳೆಯುತ್ತವೆ, ಅಂಚು ಮುಟ್ಟಲು ಒಂಬತ್ತು ತಿಂಗಳು ಬೇಕು. ಮಗು ಬೇಗ ಹುಟ್ಟಿದರೆ ಅವು ಅರ್ಧ ದಾರಿಯಲ್ಲಿರುತ್ತವೆ. ಕೆಲವು ಮಕ್ಕಳಲ್ಲಿ ಆಮೇಲೆ ತಪ್ಪು ರೀತಿಯಲ್ಲಿ ಬೆಳೆದು, ಅಕ್ಷಿಪಟಲವನ್ನೇ ಎಳೆದು ಕುರುಡುತನ ತರುತ್ತವೆ. ಇದನ್ನು ಆರ್‌ಓಪಿ ಎನ್ನುತ್ತಾರೆ. ಬಿಲ್ಲೆಯ ಸುತ್ತಲಿನ ನಾಳಗಳು ದಪ್ಪವಾಗಿ ಹಾವಿನಂತೆ ಸುತ್ತಿಕೊಂಡಿದ್ದರೆ ಅದು ಅಪಾಯದ ಸೂಚನೆ. ಹೊರಗಿನಿಂದ ನೋಡಿದರೆ ಕಣ್ಣು ಏನೂ ಹೇಳುವುದಿಲ್ಲ.

ಇಂಥ ಪರೀಕ್ಷೆ ಮಾಡಬಲ್ಲ ತಜ್ಞರು ನಮ್ಮ ಹಳ್ಳಿಗಳ ಹತ್ತಿರ ಇರುವುದಿಲ್ಲ. ಅದಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿತು. ಆಮೇಲೆ ರಾಜ್ಯ ಸರ್ಕಾರವೂ ಕೈಜೋಡಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮರಾವನ್ನು ವಾಹನದಲ್ಲಿ ಹೇರಿಕೊಂಡು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗುತ್ತಾರೆ, ಚಿತ್ರ ತೆಗೆದು ಇಂಟರ್‌ನೆಟ್ ಮೂಲಕ ಕಳಿಸುತ್ತಾರೆ, ದೂರದಲ್ಲಿರುವ ತಜ್ಞರು ನೋಡಿ ತೀರ್ಮಾನ ಹೇಳುತ್ತಾರೆ. ಈಗ ಕೈಯಲ್ಲಿ ಹಿಡಿಯುವ ಓಸಿಟಿ ಯಂತ್ರಗಳೂ ಬಂದಿವೆ. ಅವು ಬೆಳಕಿನಿಂದಲೇ ಅಕ್ಷಿಪಟಲದ ಮತ್ತು ದೃಷ್ಟಿನರದ ಪದರಗಳನ್ನು ಅಳೆಯುತ್ತವೆ. ಎಲ್ಲದರ ಒಳಗೂ ಆ ರಟ್ಟು ಗಾಜಿನ ಉಪಾಯದ ಒಂದು ಅಂಶ ಇದೆ: ಬೆಳಕನ್ನು ಒಳಗೆ ಕಳಿಸಿ, ಹಿಂತಿರುಗುವ ಬೆಳಕಿನ ದಾರಿಯಲ್ಲಿ ನಿಲ್ಲುವುದು.

ನಮ್ಮ ಮಗುವಿನ ಮೊದಲ ಪರೀಕ್ಷೆಯಲ್ಲಿ ನಾಳಗಳು ಅಂಚು ಮುಟ್ಟಿರಲಿಲ್ಲ. ಎರಡು ವಾರದ ನಂತರ ಮತ್ತೆ ಹೋದಾಗ ಕಾಯಿಲೆ ಶುರುವಾಗಿತ್ತು. ತಡಮಾಡದೆ ಲೇಸರ್ ಚಿಕಿತ್ಸೆ ಮಾಡಿದರು. ಚಿಲ್ಲಾ ಮುಗಿದ ಮೇಲೆ ಹೋದರಾಯಿತು ಎಂದು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ, ಅದನ್ನು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನಿ ಮಾತ್ರ ಈಗ ಬೀದಿಯಲ್ಲಿ ಎಲ್ಲಿ ದಿನ ತುಂಬದ ಕೂಸು ಹುಟ್ಟಿದರೂ ತಾವೇ ಹೋಗಿ ದಿನ ಎಣಿಸುತ್ತಾರೆ.

ನೀವೂ ಎಣಿಸಿ. 34 ವಾರಕ್ಕಿಂತ ಮುಂಚೆ ಹುಟ್ಟಿದ, ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿನ ಕಣ್ಣಿನ ಮೊದಲ ಪರೀಕ್ಷೆ 30 ದಿನದೊಳಗೆ ಆಗಬೇಕು. ಇನ್ನೂ ಚಿಕ್ಕ ಮಗುವಾದರೆ, ಅಂದರೆ 28 ವಾರಕ್ಕಿಂತ ಮುಂಚೆ ಹುಟ್ಟಿದ್ದರೆ ಅಥವಾ 1.2 ಕಿಲೋಗಿಂತ ಕಡಿಮೆಯಿದ್ದರೆ, ಎರಡು ಮೂರು ವಾರದಲ್ಲೇ. ಮೂವತ್ತು ನಲವತ್ತಕ್ಕಿಂತ ಮುಂಚೆ ಬರುತ್ತದೆ ಎನ್ನುವುದಕ್ಕೆ ವಿಜ್ಞಾನ ವಿಭಾಗದಲ್ಲಿ ಓದಬೇಕಿಲ್ಲ.

ಮಗುವಿಗೆ ಈಗ ವರ್ಷ ತುಂಬಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂರಿಸಿದರೆ ಹೊಳೆಯುವ ನಾಣ್ಯವನ್ನೇ ಹುಡುಕಿ ಹಿಡಿಯುತ್ತದೆ. ಆ ಕಿತ್ತಳೆ ವೃತ್ತದ ಚಿತ್ರದ ಒಂದು ಪ್ರತಿ ಅಬ್ಬಾರ ಲೆಕ್ಕದ ಪುಸ್ತಕದೊಳಗೆ ಇದೆ. ಸಂಜೆ ಲೆಕ್ಕ ಬರೆಯುವವರು ಈಗ ನಾನೇ ಆದ್ದರಿಂದ ಅದನ್ನು ದಿನವೂ ನೋಡುತ್ತೇನೆ.